ನೂರು ಗ್ರಾಂ ಖಾರದ ಪುಡಿ

ಬೆಂಗಳೂರಿನ ಜಯನಗರದ ಪಾರ್ಕುಗಳಲ್ಲಿ ಬೆಳಗ್ಗೆ ನಡೆಯುವ ಹಿರಿಯರಲ್ಲಿ ಎರಡು ಪಂಗಡ. ಮೊಮ್ಮಕ್ಕಳ ಬಗ್ಗೆ ಮಾತಾಡುವವರದು ಒಂದು, ಪೊಟ್ಯಾಶಿಯಂ ಬಗ್ಗೆ ಮಾತಾಡುವವರದು ಇನ್ನೊಂದು. ಮೊಮ್ಮಕ್ಕಳು ಅಮೆರಿಕದಲ್ಲಿ ದೊಡ್ಡವರಾಗಿ ಫೋನಿಗೆ ಸಿಗದಂತಾದ ಮೇಲೆ ಮೊದಲ ಪಂಗಡದವರೂ ಮೆಲ್ಲಗೆ ಎರಡನೆಯದಕ್ಕೆ ಬಂದು ಸೇರುತ್ತಾರೆ. ಗೇಟಿನಾಚೆ ಬೂದುಗುಂಬಳದ ರಸ, ಹಾಗಲದ ರಸ, ಗರಿಕೆಯ ರಸ ಮಾರುವವರು ನಿಂತಿರುತ್ತಾರೆ. ಅದನ್ನು ಕುಡಿದವರ ಮುಖ ನೋಡಿದರೆ ಸಾಕು, ಆರೋಗ್ಯವಾಗಿರುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯುತ್ತದೆ.

ಎರಡನೆಯ ಪಂಗಡದ ನಿವೃತ್ತ ಇಂಜಿನಿಯರೊಬ್ಬರು ಈಚೆಗೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ತಳ್ಳುಗಾಡಿಯೊಂದರ ಮುಂದೆ ತಮ್ಮ ಸಿದ್ಧಾಂತ ಮಂಡಿಸಿದರು. ಗಾಡಿಯಾತ ಸೀಬೆಹಣ್ಣನ್ನು ನಾಲ್ಕು ಸೀಳು ಮಾಡಿ, ಬುಡ ಬಿಡದ ಹಾಗೆ ಅಂಗೈಯಲ್ಲಿ ಅರಳಿಸಿ ಹಿಡಿದು, ಸಂದಿಗೆಲ್ಲ ಉಪ್ಪುಖಾರ ಸವರುತ್ತಿದ್ದ. “ನೋಡ್ರೀ, ನಾವು ದುಡ್ಡು ಕೊಡೋದು ಹಣ್ಣಿಗೆ. ಸತ್ವ ಇರೋದು ಮಾತ್ರ ಅವನು ಪುಕ್ಕಟೆ ಹಾಕೋ ಪುಡೀಲಿ” ಎಂದು ಫೋನು ತೆಗೆದು ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ತೋರಿಸಿದರು.

ಪಟ್ಟಿ ಅವರ ಕಡೆಗೇ ಇತ್ತು. ನೂರು ಗ್ರಾಂ ಸೀಬೆಯಲ್ಲಿ ನಾರು 5.4 ಗ್ರಾಂ, ಒಣಮೆಣಸಿನಕಾಯಿ ಪುಡಿಯಲ್ಲಿ 27. ಪೊಟ್ಯಾಶಿಯಂ ಸೀಬೆಯಲ್ಲಿ 417 ಮಿಲಿಗ್ರಾಂ, ಪುಡಿಯಲ್ಲಿ ಎರಡು ಸಾವಿರದ ಮೇಲೆ. ಕಬ್ಬಿಣ ಸೀಬೆಯಲ್ಲಿ ಕಾಲು ಮಿಲಿಗ್ರಾಂ, ಪುಡಿಯಲ್ಲಿ ಹತ್ತಿರಹತ್ತಿರ 8. ಎ ಜೀವಸತ್ವದಲ್ಲಂತೂ ಸೀಬೆ ಪುಡಿಯ ಪಕ್ಕದಲ್ಲಿ ನಿಲ್ಲುವಂತೆಯೇ ಇಲ್ಲ. ಅದು ಮಾನ ಉಳಿಸಿಕೊಂಡದ್ದು ಸಿ ಜೀವಸತ್ವ ಒಂದರಲ್ಲಿ: 228 ಮಿಲಿಗ್ರಾಂ, ಪುಡಿಯಲ್ಲಿರುವುದರ ಮೂರರಷ್ಟು. ಇಷ್ಟೆಲ್ಲ ಮುಗಿಯುವ ತನಕ ಕೈ ತಡೆದು ನಿಂತಿದ್ದ ಗಾಡಿಯಾತ, “ಸಾರ್, ನಿಮ್ದಕ್ಕೆ ಖಾರ ಹಾಕ್ಲಾ, ಬೇಡ್ವಾ?” ಅಂದ.

ನೂರು ಗ್ರಾಂ ಖಾರದ ಪುಡಿಯನ್ನು ಒಂದೇ ಸಲಕ್ಕೆ ತಿಂದವನು ಪೊಟ್ಯಾಶಿಯಂ ಲೆಕ್ಕ ಹಾಕುವ ಸ್ಥಿತಿಯಲ್ಲಿರುತ್ತಾನೆಯೇ? ಹಣ್ಣಿನ ಮೇಲೆ ಬೀಳುವುದು ಒಂದು ಚಿಟಿಕೆ, ಹೆಚ್ಚೆಂದರೆ ಅರ್ಧ ಗ್ರಾಂ. ಅದರಿಂದ ಬರುವ ಪೊಟ್ಯಾಶಿಯಂ ಹತ್ತು ಮಿಲಿಗ್ರಾಂ, ಸಿ ಜೀವಸತ್ವ ಅರ್ಧ ಮಿಲಿಗ್ರಾಮೂ ಇಲ್ಲ. ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಸಿ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅರ್ಧ ಸೀಬೆಹಣ್ಣು ತಿಂದರೆ ಅಂದಿನ ಬಾಕಿ ಚುಕ್ತಾ.

ಪುಡಿಯ ದೊಡ್ಡಸ್ತಿಕೆಯ ಗುಟ್ಟು ನೀರಿನಲ್ಲಿದೆ. ಸೀಬೆಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಒಣಮೆಣಸಿನಕಾಯಿ ಅದನ್ನೆಲ್ಲ ಬಿಸಿಲಿಗೆ ಕೊಟ್ಟು ಬಂದಿರುತ್ತದೆ. ನಿವೃತ್ತರ ಕಥೆಯೂ ಇಷ್ಟೇ ಅನ್ನಿ. ರಸವೆಲ್ಲ ಆರಿ, ಉಳಿದ ಅಭಿಪ್ರಾಯಗಳು ಗಟ್ಟಿಯಾಗಿ, ತೂಕಕ್ಕೆ ಮೀರಿದ ಖಾರವಾಗಿರುತ್ತೇವೆ. ಒಣಗುವಾಗ ಬಹುಪಾಲು ಕಳೆದುಹೋಗುವುದು ಸಿ ಜೀವಸತ್ವ. ಹಸಿಮೆಣಸಿನಕಾಯಿಯಾಗಿದ್ದ ಕಾಲದಲ್ಲಿ ಅದೂ ಸೀಬೆಗೆ ಸರಿಸಾಟಿಯಾಗಿತ್ತು: 240ರ ಆಸುಪಾಸು. ಆ ವಯಸ್ಸೇ ಹಾಗೆ.

ಹಸಿಮೆಣಸಿನಕಾಯಿಯ ಈ ಸಿರಿಯನ್ನು ಜಗತ್ತಿಗೆ ಸಾರಿದ್ದು ಹಂಗೆರಿಯ ಒಂದು ರಾತ್ರಿಯೂಟ. ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ಸೆಗೆಡ್ ಊರಿನಲ್ಲಿ ಸಿ ಜೀವಸತ್ವವನ್ನು ಸಾಕಷ್ಟು ಪ್ರಮಾಣದಲ್ಲಿ ತೆಗೆಯಲಾಗದೆ ಪರದಾಡುತ್ತಿದ್ದರು. ಒಂದು ರಾತ್ರಿ ಹೆಂಡತಿ ಅಲ್ಲಿನ ಹಸಿ ಪ್ಯಾಪ್ರಿಕಾ ಮೆಣಸಿನಕಾಯಿ ಬಡಿಸಿದರಂತೆ. ತಿನ್ನಲು ಮನಸ್ಸಾಗಲಿಲ್ಲ, ಬೇಡ ಎನ್ನಲು ಧೈರ್ಯ ಬರಲಿಲ್ಲ. ಇದನ್ನಿನ್ನೂ ಪರೀಕ್ಷಿಸಿಲ್ಲ ಎಂಬ ನೆವ ಹೇಳಿ ಪ್ರಯೋಗಾಲಯಕ್ಕೆ ಹೊತ್ತೊಯ್ದರು. ನಡುರಾತ್ರಿಯ ಹೊತ್ತಿಗೆ ಅದು ಸಿ ಜೀವಸತ್ವದ ಖಜಾನೆ ಎಂದು ಗೊತ್ತಾಯಿತು, 1937ರಲ್ಲಿ ನೊಬೆಲ್ ಬಂತು. ಅವರೇ ಹೇಳಿಕೊಂಡ ಕಥೆ ಇದು. ನನ್ನಾಕೆಗೆ ಹೇಳಿದೆ. “ನೀವು ಬಡಿಸಿದ್ದನ್ನೆಲ್ಲ ತಿಂದುಬಿಡ್ತೀರಲ್ಲ, ನೊಬೆಲ್ ಎಲ್ಲಿಂದ ಬರ್ಬೇಕು?” ಅಂದಳು.

ನಮ್ಮ ಬಾಲ್ಯದಲ್ಲಿ ಸೀಬೆ ಕೊಳ್ಳುವ ವಸ್ತುವೇ ಆಗಿರಲಿಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ ಜಯನಗರ. ಅರವತ್ತು ನಲವತ್ತು ಸೈಟಿನಲ್ಲಿ ಮನೆಯಷ್ಟೇ ಹಿತ್ತಲೂ ಇರುತ್ತಿತ್ತು. ಹಿತ್ತಲೆಂದರೆ ಎರಡು ತೆಂಗು, ಒಂದು ಕರಿಬೇವು, ಬಾವಿಯ ಪಕ್ಕ ಒಂದು ಸೀಬೆಮರ. ಹಣ್ಣಾಗುವ ತನಕ ಕಾಯುವವರು ದೊಡ್ಡವರು. ನಮಗೆ ಬೇಕಿದ್ದದ್ದು ದೋರಗಾಯಿ, ಹಸಿರು ಬಿಟ್ಟು ಹಳದಿಗೆ ಬಾರದ್ದು, ಕಚ್ಚಿದರೆ ಕಟಕ್ಕೆನ್ನುವಂಥದು. ಅಡುಗೆಮನೆಯಿಂದ ಉಪ್ಪುಖಾರವನ್ನು ಪೇಪರಿನ ಚೂರಿನಲ್ಲಿ ಮಡಿಸಿ ಚಡ್ಡಿಯ ಜೇಬಿಗಿಳಿಸುತ್ತಿದ್ದೆವು. ಸಂಜೆ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅತ್ತಾಗ, ಖಾರ ಎಲ್ಲಿಂದ ಬಂತು ಎಂದು ಅಮ್ಮ ಕೇಳುತ್ತಲೇ ಇರಲಿಲ್ಲ, ನೇರ ಏಟು.

ಆ ಪುಡಿಗೂ ಅಂಗಡಿಯ ಪೊಟ್ಟಣದ ಗುರುತಿರಲಿಲ್ಲ. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸಿ ಒಣಗಿಸಿ, ಮಿಲ್ಲಿಗೆ ಕೊಂಡೊಯ್ಯುತ್ತಿದ್ದರು. ಮಿಲ್ಲಿನ ಮುಂದೆ ಸರದಿಯಲ್ಲಿ ನಿಂತವರೆಲ್ಲ ಜಾತಿಭೇದವಿಲ್ಲದೆ ಸೀನುತ್ತಿದ್ದರು. ಹಾವೇರಿ ಸೀಮೆಯ ಆ ನೆರಿಗೆನೆರಿಗೆಯ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮ್ಮ ಹಿತ್ತಿಲ ಮರಕ್ಕೆ ಸಿಕ್ಕಿದ್ದು ಕೊಡಲಿ. ಅದಿದ್ದ ಜಾಗದಲ್ಲಿ ಈಗ ಎರಡು ಕಾರು ನಿಲ್ಲುತ್ತವೆ, ಒಂದು ನಮ್ಮದು.

ಅಂದಹಾಗೆ, ಸೀಬೆಯೂ ಮೆಣಸಿನಕಾಯಿಯೂ ಇಲ್ಲಿಯವಲ್ಲ. ಎರಡೂ ಅಮೆರಿಕ ಖಂಡದವು, ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದವು. ಅದಕ್ಕೆ ಮೊದಲು ನಮ್ಮವರ ಖಾರ ಮುಖ್ಯವಾಗಿ ಕಾಳುಮೆಣಸಿನದು. ಬಿಟಿಎಂ ಲೇಔಟಿನಲ್ಲಿ ಹೊರಗಿನವರು ಹೆಚ್ಚಾದರೆಂದು ಪೇಚಾಡುವ ನಮ್ಮ ಬಳಗಕ್ಕೆ ಇದನ್ನು ಹೇಳಿದರೆ, ಮೆಣಸಿನಕಾಯಿ ಕನ್ನಡ ಕಲಿತಿದೆ ಎಂದು ವಾದಿಸುತ್ತಾರೆ.

ಇವೆರಡರ ನಡುವೆ ನ್ಯಾಯ ಹೇಳಬಲ್ಲದ್ದು ಗಿಣಿ ಮಾತ್ರ. ಖಾರ ನಮ್ಮನ್ನು ಸುಡುವುದು ಕ್ಯಾಪ್ಸೈಸಿನ್‌ನಿಂದ. ಹಕ್ಕಿಗಳಿಗೆ ಅದು ತಾಗುವುದೇ ಇಲ್ಲ. ಅದಕ್ಕೇ ಹಿಂದೆ ಪಂಜರದ ಗಿಣಿಗೆ ಸೀಬೆಯನ್ನೂ ಹಸಿಮೆಣಸಿನಕಾಯಿಯನ್ನೂ ಒಟ್ಟಿಗೆ ಇಡುತ್ತಿದ್ದರು, ಅದು ಎರಡನ್ನೂ ಒಂದೇ ಗತ್ತಿನಲ್ಲಿ ಮುಗಿಸುತ್ತಿತ್ತು. ನಮ್ಮ ಹಾಡು ಬೇರೆ. ಕ್ಯಾಪ್ಸೈಸಿನ್‌ಗೆ ಪೋಷಕಾಂಶಗಳ ಪಟ್ಟಿಯಲ್ಲಿ ಜಾಗವಿಲ್ಲ, ಆದರೆ ಅದು ಬಾಯಲ್ಲಿ ನೀರೂರಿಸದಿದ್ದರೆ ಬೀಜ ಹಲ್ಲಿನ ಸಂದಿಗೆ ಸಿಕ್ಕುವ ಈ ಹಣ್ಣನ್ನು ನನ್ನ ವಯಸ್ಸಿನವರು ಮುಟ್ಟುತ್ತಲೇ ಇರಲಿಲ್ಲ. 228 ಮಿಲಿಗ್ರಾಂ ಗಾಡಿಯ ಮೇಲೆಯೇ ಉಳಿಯುತ್ತಿತ್ತು.

ಇಂಜಿನಿಯರು ಸೋಲೊಪ್ಪುವ ಪೈಕಿಯಲ್ಲ. ಮೆಣಸಿನಕಾಯಿಯ ಎ ಜೀವಸತ್ವ ಕ್ಯಾರೋಟಿನ್ ರೂಪದಲ್ಲಿರುತ್ತದೆ, ಅದು ಮೈಗೆ ಹತ್ತಬೇಕಾದರೆ ಜೊತೆಗೆ ಕೊಬ್ಬಿರಬೇಕು, ಸೀಬೆಯಲ್ಲಿ ಕೊಬ್ಬೆಲ್ಲಿದೆ ಎಂದು ಕೇಳಿದರು. ಮಾತು ಸುಳ್ಳಲ್ಲ. ಆಮೇಲೆ ನನ್ನ ತೋಳು ಹಿಡಿದು ರಸ್ತೆಯ ಆ ಬದಿಗೆ, ಬಾಣಲೆ ಕಾಯುತ್ತಿದ್ದ ಕಡೆಗೆ ಕರೆದೊಯ್ದರು.

“ಡಾಕ್ಟರು ಎಣ್ಣೆಪದಾರ್ಥ ಬೇಡ ಅಂದಿದಾರಲ್ರೀ ನಿಮಗೆ?”

“ದಿನಾ ಒಂದು ಹಣ್ಣು ತಿನ್ನಿ ಅಂತಾನೂ ಅಂದಿದಾರೆ. ಸಸ್ಯಶಾಸ್ತ್ರದ ಪ್ರಕಾರ ಮೆಣಸಿನಕಾಯಿ ಹಣ್ಣೇ ಕಣ್ರೀ” ಎಂದವರು ಬಾಣಲೆಯವನ ಕಡೆ ತಿರುಗಿದರು. “ಎರಡು ಪ್ಲೇಟ್ ಬಜ್ಜಿ ಕೊಡಪ್ಪ. ಈರುಳ್ಳಿ ಜಾಸ್ತಿ ಇರ್ಲಿ.”