ಹಾಡದ ಹಕ್ಕಿಯ ಪ್ರಶ್ನೆ

ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ ಪ್ರಕಟವಾದದ್ದು 1960ರಲ್ಲಿ. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, 1962ರಲ್ಲಿ ಚಲನಚಿತ್ರವಾಯಿತು. ಇಷ್ಟು ಹೆಸರಾದ ಪುಸ್ತಕ ನಮ್ಮ ಮನೆಯ ಹೊಸ್ತಿಲು ದಾಟಿದ್ದು ಮಾತ್ರ ಬಹಳ ತಡವಾಗಿ, ಕಾಲೇಜಿಗೆ ಹೋಗುವ ಮೊಮ್ಮಗಳ ಚೀಲದಲ್ಲಿ. ಸೊಲ್ಲಾಪುರದ ನಮ್ಮಂಥ ಮನೆಗಳ ಸಂಗತಿ ಓದುಗರಿಗೆ ಗೊತ್ತೇ ಇದೆ. ಮಕ್ಕಳ ಶಾಲೆ ಮರಾಠಿ ಇಲ್ಲವೆ ಇಂಗ್ಲಿಷ್, ಪೇಟೆಯ ವ್ಯವಹಾರ ಮರಾಠಿ, ಮನೆಯ ಮಾತು ಕನ್ನಡ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಮಲಗುವವರೆಗೆ ವೇಳೆ ಸಾಕಷ್ಟು ಸಿಗುತ್ತದೆ. ಆಕೆ ಇಂಗ್ಲಿಷಿನಲ್ಲಿ ಓದುವಳು, ನಾವು ಹಿರಿಯರು ಸಣ್ಣವರಿಗೆ ಕನ್ನಡದಲ್ಲಿ ಹೇಳುವೆವು. ಹೀಗೆ ಹೆಚ್ಚುಕಡಿಮೆ ಒಂದು ತಿಂಗಳು ನಡೆಯಿತು.

ಕಥೆ ನಡೆಯುವುದು 1930ರ ದಶಕದ ನಡುವೆ, ಅಮೆರಿಕದ ದಕ್ಷಿಣ ಭಾಗದ ಸಂಸ್ಥಾನಗಳಲ್ಲೊಂದಾದ ಅಲಬಾಮಾದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ತಾಯಿಯಿಲ್ಲದ ಇಬ್ಬರು ಮಕ್ಕಳು, ಅಣ್ಣ ಜೆಮ್ ಮತ್ತು ತಂಗಿ ಸ್ಕೌಟ್. ಕಥೆ ಆರಂಭವಾದಾಗ ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ. ತಂದೆ ಅಟಿಕಸ್ ಫಿಂಚ್ ವಕೀಲ. ಅಡುಗೆಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವಳು ಕಲ್ಪೂರ್ನಿಯಾ ಎಂಬ ಕಪ್ಪು ವರ್ಣದ ಹೆಂಗಸು. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯವನ ಪರವಾಗಿ ವಾದಿಸುವ ಕೆಲಸ ಅಟಿಕಸ್‌ನ ಪಾಲಿಗೆ ಬರುತ್ತದೆ. ಊರಿನವರು ಅವನ ಮೇಲೆ ಮುನಿಯುತ್ತಾರೆ. ಮಕ್ಕಳು ಶಾಲೆಯಲ್ಲಿ, ಬೀದಿಯಲ್ಲಿ ಮಾತು ಕೇಳಬೇಕಾಗುತ್ತದೆ. ಸ್ಕೌಟ್ ದೊಡ್ಡವಳಾದ ಮೇಲೆ ಈ ಎರಡು ಮೂರು ವರ್ಷಗಳನ್ನು ನೆನೆದು ಹೇಳುವ ಕಥೆ ಇದು.

ವ್ಯಾಪಾರಸ್ಥರಾದ ನಮಗೆ ಮೊದಲು ಹಿಡಿಸಿದ್ದು ಕನ್ನಿಂಗ್‌ಹ್ಯಾಮ್ ಮನೆತನ. ಬಡ ರೈತರು, ಕೈಯಲ್ಲಿ ರೊಕ್ಕವಿಲ್ಲ. ಆದರೆ ತೀರಿಸಲಾಗದ್ದನ್ನು ಯಾರಿಂದಲೂ ತೆಗೆದುಕೊಳ್ಳುವವರಲ್ಲ. ವಕೀಲರ ಫೀಸು ಕೊಡಲು ಹಣವಿಲ್ಲದೆ ಒಮ್ಮೆ ಕಟ್ಟಿಗೆ, ಒಮ್ಮೆ ಕಾಡುಕಾಯಿ, ಒಮ್ಮೆ ಸೊಪ್ಪು ತಂದು ಹಿತ್ತಲಲ್ಲಿ ಇಟ್ಟು ಹೋಗುತ್ತಾರೆ. ಸುಗ್ಗಿಗೆ ಸುಗ್ಗಿ ಉದ್ರಿ ತೀರಿಸುವ ರೈತರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಮನೆಯ ಹುಡುಗ ವಾಲ್ಟರ್ ಒಂದು ದಿನ ಫಿಂಚ್ ಮನೆಗೆ ಊಟಕ್ಕೆ ಬಂದು ತಾಟಿನಲ್ಲಿದ್ದುದೆಲ್ಲದರ ಮೇಲೆ ಕಾಕವಿ ಸುರಿದುಕೊಳ್ಳುತ್ತಾನೆ. ಸ್ಕೌಟ್ ಆಡಿ ತೋರಿಸುತ್ತಾಳೆ. ಕಲ್ಪೂರ್ನಿಯಾ ಅವಳನ್ನು ಅಡುಗೆಮನೆಗೆ ಎಳೆದೊಯ್ದು, ಮನೆಗೆ ಬಂದವನು ಯಾರೇ ಆಗಲಿ ಅತಿಥಿಯೇ ಎಂದು ಗದರಿಸಿ, ತಾಟು ಹಿಡಿದು ಅಲ್ಲೇ ಉಣ್ಣಲು ಕೂಡಿಸುತ್ತಾಳೆ. ನಮ್ಮ ಮನೆಯ ಸಣ್ಣವರು ಈ ಭಾಗವನ್ನು ಎರಡು ಸಲ ಹೇಳಿಸಿಕೊಂಡರು.

ಅದೇ ಹುಡುಗನ ತಂದೆ ಮುಂದೆ ರಾತ್ರಿ ವೇಳೆ ಗುಂಪಿನೊಡನೆ ಜೇಲಿಗೆ ಬರುತ್ತಾನೆ, ಟಾಮ್‌ನನ್ನು ಹೊರಗೆಳೆದು ಕೊಲ್ಲಲು. ಬಾಗಿಲಲ್ಲಿ ಅಟಿಕಸ್ ಒಬ್ಬನೇ ಕುರ್ಚಿ ಹಾಕಿ ಕುಳಿತಿದ್ದಾನೆ. ಗುಂಪಿನ ನಡುವೆ ನುಗ್ಗಿ ಬಂದ ಸ್ಕೌಟ್‌ಗೆ ಅಪಾಯ ತಿಳಿಯದು. ಪರಿಚಯದ ಮುಖ ಕಂಡು ಹೆಸರು ಹಿಡಿದು ಮಾತಾಡಿಸುತ್ತಾಳೆ: ನಿಮ್ಮ ಮಗ ನನ್ನ ಜೊತೆ ಓದುತ್ತಾನೆ, ನಿಮ್ಮ ಜಮೀನಿನ ತಕರಾರು ಎಲ್ಲಿಗೆ ಬಂತು, ಹೀಗೆ. ಆತ ಮಂಡಿಯೂರಿ ಅವಳ ಹೆಗಲು ಹಿಡಿದು ಏನೋ ಹೇಳಿ, ಎಲ್ಲರನ್ನೂ ಹಿಂದಕ್ಕೆ ಕರೆದೊಯ್ಯುತ್ತಾನೆ. ಗುಂಪಿನಲ್ಲಿ ನಿಂತಾಗ ಆತನಿಗೆ ಹೆಸರಿರಲಿಲ್ಲ. ಮಗು ಅದನ್ನು ತಿರುಗಿ ಕೊಟ್ಟಿತು. ಗಲಭೆಯ ದಿನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತವರಿಗೆ ಈ ಭಾಗ ಮೈ ಜುಮ್ಮೆನಿಸದೆ ಇರದು.

ಇನ್ನು ಪುಸ್ತಕದ ಹೆಸರಿನ ಮಾತು. ಮಾಕಿಂಗ್‌ಬರ್ಡ್ ಎಂಬುದು ಆ ಕಡೆಯ ಒಂದು ಹಕ್ಕಿ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಹಾಡುತ್ತದೆ. ಮಕ್ಕಳಿಗೆ ಗಾಳಿ ಬಂದೂಕು ಕೊಡಿಸಿದಾಗ ಅಟಿಕಸ್, ಹಕ್ಕಿಗಳ ಬೆನ್ನು ಹತ್ತದೆ ನೀವು ಬಿಡುವುದಿಲ್ಲವೆಂದು ನನಗೆ ಗೊತ್ತು, ಬ್ಲೂ ಜೇ ಎಂಬ ನೀಲಿ ಹಕ್ಕಿಗಳನ್ನು ಬೇಕಿದ್ದರೆ ಹೊಡೆಯಿರಿ, ಇದನ್ನು ಮಾತ್ರ ಮುಟ್ಟಬೇಡಿ, ಪಾಪ ಬರುತ್ತದೆ ಎನ್ನುತ್ತಾನೆ. ಏಕೆಂದರೆ ಅದು ಯಾರ ಹೊಲವನ್ನೂ ಕೆಡಿಸುವುದಿಲ್ಲ, ಹಾಡುತ್ತದೆ ಅಷ್ಟೆ ಎಂದು ನೆರೆಮನೆಯ ಮಿಸ್ ಮೋಡಿ ವಿವರಿಸುತ್ತಾಳೆ. ಜಗತ್ತಿನ ಎಷ್ಟೋ ಓದುಗರು ಈ ಜಾಗದಲ್ಲಿ ತಲೆದೂಗಿದ್ದಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಒಂಬತ್ತು ವರ್ಷದ ಮೊಮ್ಮಗ ಎದ್ದು ಕುಳಿತ.

"ಅಜ್ಜಾ, ಹಾಡೂ ಹಕ್ಕಿ ಕೊಂದ್ರಷ್ಟ ಪಾಪೇನು? ನೀಲಿ ಹಕ್ಕಿಗೆ ನೋವು ಆಗೂದಿಲ್ಲೇನು?"

"ಮುಂದ ಓದಲಿ ತಡಿಯಪಾ, ನೋಡೂಣು" ಎಂದೆವು. ನೀರು ಸೋಸಿ ಕುಡಿಯುವ ಮನೆಯಲ್ಲಿ ಬೆಳೆದ ಹುಡುಗ ಕೇಳಬೇಕಾದದ್ದನ್ನೇ ಕೇಳಿದ್ದ. ಅಂದಿನಿಂದ ನಾವೂ ಪುಸ್ತಕವನ್ನು ಅವನ ಪ್ರಶ್ನೆ ಇಟ್ಟುಕೊಂಡೇ ಓದಿದೆವು. ನಿರುಪದ್ರವಿ ಎಂಬುದಕ್ಕೆ, ಇಂಪಾಗಿ ಹಾಡುತ್ತದೆ ಎಂಬುದಕ್ಕೆ ಒಂದು ಜೀವ ಉಳಿಯಬೇಕಾದರೆ, ಹಾಡು ಬಾರದವರ ಗತಿಯೇನು?

ಟಾಮ್ ಹಾಡುವ ಹಕ್ಕಿಯ ಪೈಕಿ. ಇಪ್ಪತ್ತೈದು ವರ್ಷ, ಹೆಂಡತಿ, ಮೂರು ಮಕ್ಕಳು. ಹುಡುಗನಾಗಿದ್ದಾಗ ಎಡಗೈ ಹತ್ತಿ ಜಿನ್ನಿನಲ್ಲಿ ಸಿಕ್ಕು ನಿಷ್ಪ್ರಯೋಜಕವಾಗಿದೆ. ಹುಡುಗಿಯ ಮುಖದ ಮೇಲಿನ ಗಾಯ ಬಲಗಡೆಗೆ. ಆಕೆಯ ತಂದೆ ಬಾಬ್ ಯೂವೆಲ್ ಎಡಚ. ಅಟಿಕಸ್ ನ್ಯಾಯಾಲಯದಲ್ಲಿ ಇಷ್ಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾನೆ. ಹುಡುಗಿ ಮಯೆಲ್ಲಾಳ ಮನೆಯ ಮುಂದೆ ಕೆಲಸಕ್ಕೆ ಹೋಗಿಬರುವಾಗ ಟಾಮ್ ಕಟ್ಟಿಗೆ ಒಡೆದು, ನೀರು ತಂದು ಕೊಡುತ್ತಿದ್ದ, ಕಾಸು ಮುಟ್ಟದೆ. ಏಕೆ ಮಾಡಿದೆ ಎಂದು ಸರಕಾರಿ ವಕೀಲ ಕೆದಕಿದಾಗ, ಆಕೆಯನ್ನು ಕಂಡು ಕನಿಕರವೆನಿಸಿತು ಎಂದುಬಿಡುತ್ತಾನೆ. ಅಲ್ಲಿಗೆ ಮುಗಿಯಿತು. ಕಪ್ಪು ಮನುಷ್ಯ ಬಿಳಿಯಳಿಗೆ ಕನಿಕರಪಡುವುದೆಂದರೇನು! ಕರುಣೆ ಮೇಲಿನಿಂದ ಕೆಳಕ್ಕೆ ಇಳಿಯಬೇಕೆಂಬುದು ಆ ಊರಿನ ಕಟ್ಟಳೆ. ಇದನ್ನು ಓದಿ ಅಮೆರಿಕದವರನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಅಂಗಡಿಯ ಹಮಾಲನೊಬ್ಬ ನಮ್ಮನ್ನು ನೋಡಿ "ಪಾಪ, ಸಾವುಕಾರ್ರು" ಎಂದರೆ ನಮಗೆ ಹೇಗೆನಿಸೀತು? ದಾನದ ಪಾವತಿಯಲ್ಲಿ ಹೆಸರು ಬರೆಸುವ ಕೈ ಅದನ್ನು ಸಹಿಸೀತೆ? ಈ ಪ್ರಶ್ನೆಗೆ ನಮ್ಮ ಮನೆಯ ದೊಡ್ಡವರು ಯಾರೂ ಬೇಗ ಉತ್ತರ ಕೊಡಲಿಲ್ಲ.

ಪಂಚರು ಕೆಲವು ತಾಸು ಒಳಗಿದ್ದು ಅಪರಾಧಿ ಎಂದೇ ತೀರ್ಪು ಕೊಡುತ್ತಾರೆ. ಟಾಮ್ ಜೇಲಿನ ಬೇಲಿ ಹತ್ತಿ ಓಡಲು ಹೋದಾಗ ಕಾವಲುಗಾರರು ಗುಂಡಿಟ್ಟು ಕೊಲ್ಲುತ್ತಾರೆ. ಮೈಯಲ್ಲಿ ಹದಿನೇಳು ಗುಂಡು. ಕಟ್ಟುಕಥೆಯೆಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಅದೇ ಅಲಬಾಮಾದಲ್ಲಿ 1931ರಲ್ಲಿ ಒಂಬತ್ತು ಜನ ಕಪ್ಪು ಹುಡುಗರ ಮೇಲೆ ಇಂಥದೇ ಸುಳ್ಳು ಆರೋಪ ಬಂದು, ಬಿಳಿಯರೇ ತುಂಬಿದ ಪಂಚರ ಮಂಡಳಿಗಳು ಎಂಟು ಜನರಿಗೆ ಮರಣದಂಡನೆ ವಿಧಿಸುವಂತೆ ಮಾಡಿದ್ದವು. ಸ್ಕಾಟ್ಸ್‌ಬರೋ ಪ್ರಕರಣವೆಂದು ಅದು ಪ್ರಸಿದ್ಧ. ಮರಣದಂಡನೆ ಜಾರಿಯಾಗಲಿಲ್ಲ, ಆದರೆ ಹುಡುಗರ ಪ್ರಾಯ ಜೇಲಿನಲ್ಲೇ ಕಳೆಯಿತು. ಕಪ್ಪು ಜನರನ್ನು ಪಂಚರ ಪಟ್ಟಿಯಿಂದ ಹೊರಗಿಡುವುದು ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು ಇದೇ ಪ್ರಕರಣದಲ್ಲಿ 1935ರಲ್ಲಿ ಹೇಳಿತು. ಉಳಿದ ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ.

ಆದರೂ ಒಂದು ಮಾತು. ಟಾಮ್‌ನನ್ನು ಲೇಖಕಿ ಕಲೆಯಿಲ್ಲದ ಬಿಳಿ ಬಟ್ಟೆಯಂತೆ ಇಟ್ಟಿದ್ದಾರೆ. ಆತ ಸಾಲ ಮುಳುಗಿಸಿದವನೋ ಬಾಯಿಬಡುಕನೋ ಆಗಿದ್ದರೆ ಆರೋಪವೇನೂ ನಿಜವಾಗುತ್ತಿರಲಿಲ್ಲ, ಓದುಗರ ಕಣ್ಣೀರು ಮಾತ್ರ ಕಡಿಮೆಯಾಗುತ್ತಿತ್ತು. ಟಾಮ್‌ನಿಗೂ ಕಲ್ಪೂರ್ನಿಯಾಳಿಗೂ ಈ ಪುಸ್ತಕದಲ್ಲಿ ಮಾತು ಕಡಿಮೆ, ಎಲ್ಲವೂ ಬಿಳಿಯ ಕುಟುಂಬದ ಕಣ್ಣಿನಿಂದ ಕಾಣುತ್ತದೆ ಎಂಬ ಆಕ್ಷೇಪ ಅಮೆರಿಕದಲ್ಲೇ ಇದೆ. ಅದರಲ್ಲಿ ಹುರುಳಿದೆ ಎಂದು ನಮಗೂ ತೋರುತ್ತದೆ. (1966ರಲ್ಲಿ ವರ್ಜೀನಿಯಾದ ಒಂದು ಜಿಲ್ಲೆಯ ಶಾಲಾ ಮಂಡಳಿ ಇದು ಅನೀತಿಯ ಪುಸ್ತಕವೆಂದು ನಿಷೇಧಿಸಿದ್ದು ಬೇರೆ ಮಾತು. ಆಗ ಲೇಖಕಿ ಪತ್ರಿಕೆಗೆ ಸಣ್ಣ ಮೊತ್ತ ಕಳಿಸಿ, ಆ ಮಂಡಳಿಯವರನ್ನು ಒಂದನೆಯ ಇಯತ್ತೆಗೆ ಸೇರಿಸಿ ಎಂದು ಬರೆದರಂತೆ!)

ಮೊಮ್ಮಗನ ಪ್ರಶ್ನೆಗೆ ಉತ್ತರದಂಥದ್ದು ಸಿಕ್ಕಿದ್ದು ಮಿಸೆಸ್ ಡುಬೋಸ್ ಎಂಬ ಮುದುಕಿಯಲ್ಲಿ. ಬೀದಿಯಲ್ಲಿ ಹೋಗುವ ಮಕ್ಕಳಿಗೆ, ಅವರ ತಂದೆಗೆ, ಕಪ್ಪು ಜನರಿಗೆ ವಿಷದಂಥ ಮಾತಾಡುವವಳು. ಸಿಟ್ಟಿಗೆದ್ದ ಜೆಮ್ ಆಕೆಯ ಹೂವಿನ ಗಿಡಗಳನ್ನು ಕಡಿದುಹಾಕುತ್ತಾನೆ. ತಂದೆ ಅವನನ್ನು ಆಕೆಯ ಮನೆಗೇ ಕಳಿಸುತ್ತಾನೆ. ದಿನಾಲು ಎರಡು ತಾಸು ಪುಸ್ತಕ ಓದಿ ಹೇಳುವ ಶಿಕ್ಷೆ. ಮುದುಕಿ ಸತ್ತ ಮೇಲೆ ಗೊತ್ತಾಗುತ್ತದೆ: ನೋವಿಗೆಂದು ವೈದ್ಯರು ಕೊಟ್ಟ ಮಾರ್ಫಿನ್ ಚಟವಾಗಿತ್ತು, ಯಾವುದಕ್ಕೂ ಕಟ್ಟುಬೀಳದೆ ಸಾಯಬೇಕೆಂದು ಕೊನೆಯ ದಿನಗಳಲ್ಲಿ ಅದನ್ನು ಬಿಟ್ಟಳು. ಓದು ನಡೆಯುತ್ತಿದ್ದ ಹೊತ್ತು ಆಕೆ ಔಷಧಿಯನ್ನು ಮುಂದೂಡುತ್ತಿದ್ದ ಹೊತ್ತು. ಹುಚ್ಚುನಾಯಿಯನ್ನು ಒಂದೇ ಗುಂಡಿಗೆ ಉರುಳಿಸಿದ ಅಟಿಕಸ್, ಬಂದೂಕು ಹಿಡಿದವನ ಧೈರ್ಯಕ್ಕಿಂತ ಈ ಮುದುಕಿಯ ಧೈರ್ಯವನ್ನು ಮಕ್ಕಳು ನೋಡಲಿ ಎಂದೇ ಹೀಗೆ ಮಾಡಿದ್ದ. ಆಕೆಯ ಮಾತುಗಳು ಸರಿಯೆಂದು ಆತ ಒಮ್ಮೆಯೂ ಹೇಳುವುದಿಲ್ಲ. ತಪ್ಪು ತಪ್ಪೇ, ಧೈರ್ಯ ಧೈರ್ಯವೇ. ಒಂದು ಇನ್ನೊಂದಕ್ಕೆ ವಜಾ ಆಗುವುದಿಲ್ಲ, ಜಮೆಯೂ ಆಗುವುದಿಲ್ಲ. 2015ರಲ್ಲಿ ಹೊರಬಂದ 'ಗೋ ಸೆಟ್ ಎ ವಾಚ್‌ಮನ್' ಈ ಕಥೆಯ ಹಳೆಯ ಕರಡು. ಅದರಲ್ಲಿ ವಯಸ್ಸಾದ ಅಟಿಕಸ್ ತಾನೇ ವರ್ಣಭೇದದ ಸಭೆಯಲ್ಲಿ ಕುಳಿತಿರುತ್ತಾನೆ. ಮೊಮ್ಮಗಳಿಗೆ ಇದರಿಂದ ಬಹಳ ಬೇಸರವಾಯಿತು. ನಮಗೆ ಅಷ್ಟಾಗಲಿಲ್ಲ. ಡುಬೋಸ್ ಮುದುಕಿಯ ಲೆಕ್ಕ ಆಗಲೇ ನೋಡಿದ್ದೆವಲ್ಲ.

ಇನ್ನು ಮಯೆಲ್ಲಾ. ಯಾವ ಲೆಕ್ಕದಿಂದಲೂ ಈಕೆ ಹಾಡುವ ಹಕ್ಕಿಯಲ್ಲ. ಟಾಮ್‌ನನ್ನು ಬಯಸಿ ಮುತ್ತಿಟ್ಟವಳು ತಾನು, ಕಿಟಕಿಯಿಂದ ಕಂಡ ತಂದೆ ಹೊಡೆದದ್ದು ತನ್ನನ್ನು, ಆದರೂ ಪ್ರಮಾಣ ಮಾಡಿ ಸುಳ್ಳು ಹೇಳಿ ಒಬ್ಬನ ಪ್ರಾಣಕ್ಕೆ ಎರವಾದಳು. ಲೇಖಕಿ ಆಕೆಯನ್ನು ಕ್ಷಮಿಸುವುದಿಲ್ಲ. ಆದರೆ ಊರ ಕಸದ ತಿಪ್ಪೆಯ ಹಿಂದಿನ ಆ ಕೊಳಕು ಅಂಗಳದ ಮೂಲೆಯಲ್ಲಿ, ಒಡೆದ ಪಾತ್ರೆಗಳಲ್ಲಿ ಯಾರೋ ಜೋಪಾನ ಮಾಡಿದ ಕೆಂಪು ಜೆರೇನಿಯಂ ಹೂಗಳನ್ನು ನಮಗೆ ತೋರಿಸುತ್ತಾರೆ. ಮನೆಯ ಏಳು ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಲು ಏಳು ನಾಣ್ಯ ಕೂಡಿಸುವುದಕ್ಕೆ ಆಕೆಗೆ ಒಂದು ವರ್ಷ ಹಿಡಿಯಿತೆಂದು ತಿಳಿಸುತ್ತಾರೆ. ಅಟಿಕಸ್ ಪಾಟೀಸವಾಲು ಮಾಡುವಾಗ ಎಲ್ಲ ಹೆಂಗಸರಿಗೂ ಕೊಡುವ ಮರ್ಯಾದೆಯನ್ನೇ ಆಕೆಗೂ ಕೊಟ್ಟು ಮಾತಾಡಿಸುತ್ತಾನೆ. ಈತ ನನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಮಯೆಲ್ಲಾ ನ್ಯಾಯಾಧೀಶರಿಗೆ ದೂರುತ್ತಾಳೆ. ಈ ವಕೀಲರು ಎಲ್ಲರೊಡನೆಯೂ ಹೀಗೆಯೇ ಮಾತಾಡುವವರು ಎಂದು ನ್ಯಾಯಾಧೀಶರೇ ತಿಳಿಹೇಳಬೇಕಾಗುತ್ತದೆ. ಆಗ ಆಕೆಗೆ ಹತ್ತೊಂಬತ್ತು ವರ್ಷ.