ಪಟ್ಟಿಯ ಕೊನೆಯ ಹೆಸರು

ನಮ್ಮ ಕೇರಿಯಿಂದ ಎಂ.ಎ. ಓದಲು ಹೊರಟವರಲ್ಲಿ ನಾವೇ ಮೊದಲು. 2019ರ ಮಳೆಗಾಲ. ಬೆಳಗಿನ ಮೊದಲ ಬಸ್ಸಿಗೆ ಇಬ್ಬರು ಹತ್ತಿದೆವು. ನಾವು ಬಲಗೈ ಕೇರಿಯವರು, ಜೊತೆಗಿದ್ದ ಗೆಳೆಯ ಎಡಗೈ ಕೇರಿಯವನು. ಓದಿದ್ದು ಒಂದೇ ಸರ್ಕಾರಿ ಶಾಲೆ, ಕೂತಿದ್ದು ಒಂದೇ ಬೆಂಚು, ಬಿಸಿಯೂಟಕ್ಕೆ ನಿಂತಿದ್ದು ಒಂದೇ ಸಾಲು. ಊರಿನವರ ಕಣ್ಣಿಗೆ ಇಬ್ಬರೂ ಒಂದೇ. ಆದರೆ ಅವನು ನಮ್ಮನೆಗೆ ಬಂದರೆ ನೀರು ಕೊಡುವ ಲೋಟ ಬೇರೆ ಇತ್ತು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾವು ಹೇಳಲು ಹೊರಟಿರುವುದು ಬರೀ ಸವರ್ಣೀಯರ ತಪ್ಪಿನ ಕತೆಯಲ್ಲ.

ವಿಶ್ವವಿದ್ಯಾಲಯದ ಗೋಡೆಗೆ ಪಟ್ಟಿ ಅಂಟಿಸಿದ್ದರು. ಒಟ್ಟು 40 ಸೀಟು. ಜಿ.ಎಂ.ಗೆ 20, ಎಸ್.ಸಿ.ಗೆ 6, ಮಿಕ್ಕಿದ್ದು ಎಸ್.ಟಿ.ಗೂ ಹಿಂದುಳಿದ ವರ್ಗಗಳಿಗೂ. ಜಿ.ಎಂ. ಎಂದರೆ ಜನರಲ್ ಮೆರಿಟ್. ನಮ್ಮ ಕಡೆ ಅದನ್ನು ‘ಮೇಲ್ಜಾತಿಯೋರ ಲಿಸ್ಟು’ ಅಂತಲೇ ಅನ್ನುವುದು. ನಾವೂ ಹಾಗೇ ತಿಳಿದಿದ್ದೆವು. ಹಾಗಾಗಿ ಕಣ್ಣು ನೇರ ಎಸ್.ಸಿ. ಪಟ್ಟಿಗೆ ಹೋಯಿತು. ಆರನೆಯ ಹೆಸರು, ಅಂದರೆ ಕೊನೆಯ ಹೆಸರು, ಗೆಳೆಯನದು. ನಮ್ಮ ಹೆಸರಿಲ್ಲ. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅವನೇ ಪಕ್ಕದ ಹಾಳೆಯ ಮೇಲೆ ಬೆರಳಿಟ್ಟ.

“ಇಲ್ಲೈತೆ ನೋಡ್ಲಾ ನಿನ್ ಹೆಸ್ರು. ಜಿ.ಎಂ.ನಾಗೆ. ಹತ್ತೊಂಬತ್ತನೇದು!”

ನಮಗಿಂತ ಅವನಿಗೇ ಖುಷಿ ಜಾಸ್ತಿ. ಅವನು ಚಲನ್ ತುಂಬಲು ಬ್ಯಾಂಕಿನ ಸಾಲಿಗೆ ಹೋದ. ನಾವು ದಾಖಲೆ ತೋರಿಸಲು ಕಿಟಕಿಯ ಮುಂದೆ ನಿಂತೆವು.

ಗುಮಾಸ್ತರು ಜಾತಿ ಪ್ರಮಾಣಪತ್ರ ನೋಡಿದರು. ಪಟ್ಟಿ ನೋಡಿದರು. ಸಾಲಿಗೆಲ್ಲ ಕೇಳುವ ಹಾಗೆ ಕೇಳಿದರು:

“ಏನಪ್ಪಾ, ನೀನು ಎಸ್ಸಿ ಅಲ್ವಾ? ಜಿ.ಎಂ. ಲಿಸ್ಟಲ್ಲಿ ಏನ್ ಮಾಡ್ತಿದ್ದೀಯ?”

ಹಿಂದೆ ಯಾರೋ ನಕ್ಕರು. ನಾವು ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದೆವು. ಅವರು ದನಿ ಇಳಿಸಿ, ಒಳ್ಳೆಯದು ಹೇಳುವವರಂತೆ ಹೇಳಿದರು: “ಜಿ.ಎಂ.ನಲ್ಲಿ ತಗೊಂಡ್ರೆ ಫೀಸು ಪೂರ್ತಿ ಕಟ್ಟಬೇಕು. ಹಾಸ್ಟೆಲೂ ಸಿಗಲ್ಲ. ಸುಮ್ನೆ ನಿಮ್ಮ ಲಿಸ್ಟಿಗೆ ಹೋಗು. ಒಂದು ಲೆಟರ್ ಬರ್ಕೊಡು.”

ಜೇಬಿನಲ್ಲಿದ್ದದ್ದು ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿಕೊಟ್ಟ ಸಾಲದ ದುಡ್ಡು. ಪೂರ್ತಿ ಫೀಸು ಎಂಬ ಎರಡು ಮಾತಿಗೆ ಕೈಕಾಲು ತಣ್ಣಗಾದವು. ಹಾಳೆ ತೆಗೆದು ಬರೆದೆವು. ‘ಪರಿಶಿಷ್ಟ ಜಾತಿ ಕೋಟಾದಡಿ ಸೀಟು ಪಡೆಯಲು ಒಪ್ಪಿಗೆ ಇದೆ.’ ಕೆಳಗೆ ಸಹಿ.

ಮಧ್ಯಾಹ್ನ ಇನ್ನೊಂದು ಪಟ್ಟಿ ಬಂತು. ಎಸ್.ಸಿ.ಯಲ್ಲಿ ನಮ್ಮ ಹೆಸರು ಮೊದಲನೆಯದು. ಉಳಿದವರೆಲ್ಲ ಒಂದೊಂದು ಮೆಟ್ಟಿಲು ಕೆಳಕ್ಕೆ. ಗೆಳೆಯ ಏಳನೆಯವನು. ಏಳನೆಯ ಸೀಟು ಇರಲಿಲ್ಲ. ಜಿ.ಎಂ.ನಲ್ಲಿ ನಾವು ಬಿಟ್ಟ ಜಾಗಕ್ಕೆ ಕಾಯುವ ಪಟ್ಟಿಯಿಂದ ಒಬ್ಬ ಮೇಲೆ ಬಂದಿದ್ದ. ಬೆಳಗ್ಗೆ ಆ ಗೋಡೆಯ ಮೇಲೆ ಪರಿಶಿಷ್ಟರು ಏಳು ಜನ ಇದ್ದರು. ಮಧ್ಯಾಹ್ನಕ್ಕೆ ಆರು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಒಂದು ಹಾಳೆ, ಒಂದು ಸಹಿ, ಅಷ್ಟೆ.

ಚಲನ್ ಹಿಡಿದು ಬಂದ ಗೆಳೆಯನಿಗೆ ಅದೇ ಕಿಟಕಿಯಿಂದ ಉತ್ತರ ಬಂತು: “ನಿಂದು ವೇಟಿಂಗು. ಪೇಮೆಂಟ್ ಸೀಟಿದೆ, ಬೇಕಾದ್ರೆ ತಗೋ.” ಅವರಪ್ಪ ಊರಹಬ್ಬಕ್ಕೆ ತಮಟೆ ಬಡಿಯುವವರು, ಮಿಕ್ಕ ದಿನ ಕೂಲಿ. ಅವನು ಪೇಮೆಂಟ್ ಎಷ್ಟು ಅಂತಲೂ ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದ: “ಬುಡು ಮಗಾ. ನಮ್ಮೂರಿಂದ ಒಬ್ರಾದ್ರೂ ಓದ್ಲಿ.” ಮುಂದಿನ ತಿಂಗಳು ಬೆಂಗಳೂರಿಗೆ ಹೋದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ.

ನಾವು ಹಾಸ್ಟೆಲಿಗೆ ಸೇರಿದೆವು. ರಾತ್ರಿ ಊಟವಾದ ಮೇಲೆ ಅಲ್ಲಿ ಓದುವ ಗುಂಪೊಂದು ಕೂರುತ್ತಿತ್ತು. ಒಂದು ದಿನ ಈ ಕತೆಯನ್ನು ತಮಾಷೆಯೆಂಬಂತೆ ಹೇಳಿದೆವು. ಸಂಶೋಧನೆ ಮಾಡುತ್ತಿದ್ದ ಅಣ್ಣನೊಬ್ಬ ನಗಲಿಲ್ಲ. “ಜಿ.ಎಂ. ಅಂದ್ರೆ ಮೇಲ್ಜಾತಿ ಕೋಟಾ ಅಂತ ನಿಂಗ್ಯಾರೋ ಹೇಳಿದ್ದು?” ಎಂದು ಎದ್ದುಹೋಗಿ ಪುಸ್ತಕ ತಂದ. 1992ರ ಇಂದಿರಾ ಸಾಹ್ನಿ ಮೊಕದ್ದಮೆಯ ತೀರ್ಪು. ಪರಿಶಿಷ್ಟನೊಬ್ಬ ತನ್ನ ಅಂಕದ ಮೇಲೆ ತೆರೆದ ಪಟ್ಟಿಗೆ ಬಂದರೆ ಅವನನ್ನು ಮೀಸಲು ಲೆಕ್ಕಕ್ಕೆ ಹಿಡಿಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಸುಪ್ರೀಂ ಕೋರ್ಟು 2020ರಲ್ಲಿ ಸೌರವ್ ಯಾದವ್ ಮೊಕದ್ದಮೆಯಲ್ಲಿ ಇದನ್ನೇ ಮತ್ತೆ ಒತ್ತಿ ಹೇಳಿತು. ತೆರೆದ ಪಟ್ಟಿ ಯಾವ ಜಾತಿಯ ಸ್ವತ್ತೂ ಅಲ್ಲ. ಫೀಸಿನ ರಿಯಾಯಿತಿ, ವಿದ್ಯಾರ್ಥಿವೇತನ, ಹಾಸ್ಟೆಲು ಇವೆಲ್ಲ ಬರುವುದು ಜಾತಿ ಮತ್ತು ಆದಾಯದ ಪ್ರಮಾಣಪತ್ರದಿಂದ. ಯಾವ ಪಟ್ಟಿಯಲ್ಲಿ ಹೆಸರು ಬಂತು ಎಂಬುದರಿಂದಲ್ಲ.

ಅಂದರೆ ಕಿಟಕಿಯೊಳಗಿಂದ ಬಂದ ಎರಡು ಮಾತೂ ಸುಳ್ಳು. ಗುಮಾಸ್ತರಿಗೆ ಗೊತ್ತಿತ್ತೋ ಇಲ್ಲವೋ, ಅದು ಬೇರೆ ಪ್ರಶ್ನೆ. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಧೈರ್ಯವೂ ಇರಲಿಲ್ಲ. ಆ ಒಂದು ನಿಮಿಷದ ನಾಚಿಕೆಗೆ ಗೆಳೆಯ ಬೆಲೆ ತೆತ್ತ.

ಗೆಳೆಯರೇ, ಈ ನಾಚಿಕೆ ಎಲ್ಲಿಂದ ಬಂತು? ‘ಮೆರಿಟ್’ ಎಂಬ ಮಾತಿನಿಂದ ಬಂತು. ನಮ್ಮ ರಾಜ್ಯದಲ್ಲಿ ತೆರೆದ ಪಟ್ಟಿಗೆ ಮೆರಿಟ್ ಎಂದೇ ಹೆಸರಿಟ್ಟಿದ್ದಾರೆ. ಉಳಿದ ಪಟ್ಟಿಗಳಿಗೆ ಅದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಈ ಮಾತಿನ ಹಿಂದಿನ ಇತಿಹಾಸವನ್ನು ನಾವು ಆ ಹಾಸ್ಟೆಲಿನಲ್ಲೇ ಓದಿದೆವು.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯ ಕೈಯಲ್ಲಿ ಸೇರಿಹೋಗಿವೆ ಎಂಬ ಕೂಗಿಗೆ ಮಹಾರಾಜರು ಕಿವಿಗೊಟ್ಟದ್ದು ಅದು. ಪ್ರತಿಭೆ ಕೆಡುತ್ತದೆ ಎಂಬ ಮಾತು ಆಗಲೇ ಎದ್ದಿತ್ತು. ಮದ್ರಾಸಿನಲ್ಲಿ 14 ಸೀಟಿಗೆ ಹಂಚಿಕೆಯ ಲೆಕ್ಕವೊಂದಿತ್ತು. ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಇದರ ವಿರುದ್ಧ ಚಂಪಕಂ ದೊರೈರಾಜನ್ ಎಂಬಾಕೆ ಕೋರ್ಟಿಗೆ ಹೋದರು. ಆಕೆ ಮೆಡಿಕಲ್ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಆದರೂ 1951ರಲ್ಲಿ ಆ ಆದೇಶ ಬಿತ್ತು. ಅರ್ಜಿ ಹಾಕದವರಿಗೂ ಅನ್ಯಾಯವಾಯಿತೆಂದು ಕೇಳುವ ಕಿವಿ ಈ ದೇಶದಲ್ಲಿತ್ತು. ಅರ್ಜಿ ಎಂದರೇನೆಂದೇ ಗೊತ್ತಿಲ್ಲದ ನಮ್ಮ ಅಜ್ಜಂದಿರಿಗೆ ಆ ಕಿವಿ ಇರಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಬೇಕಾಯಿತು. ನಾವು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಒಂದು ಸಾಲಿನ ಮೇಲೆ.

ಆಮೇಲೆ ನಮ್ಮದೇ ಮೈಸೂರು ರಾಜ್ಯ. 1962ರ ಜುಲೈನಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ 100 ಸೀಟಿನಲ್ಲಿ 68 ಮೀಸಲು ಎಂದು ಸರ್ಕಾರ ಆದೇಶ ಹೊರಡಿಸಿತು. 50 ಹಿಂದುಳಿದವರಿಗೆ, 15 ಪರಿಶಿಷ್ಟ ಜಾತಿಗೆ, 3 ಪಂಗಡಕ್ಕೆ. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿ, ಮೀಸಲಾತಿ ಸ್ಥೂಲವಾಗಿ ಶೇ. 50ರ ಒಳಗಿರಬೇಕು ಎಂದಿತು. 1992ರಲ್ಲಿ ಆ ಗೆರೆ ಗಟ್ಟಿಯಾಯಿತು. ನಾವೆಲ್ಲ ಅದನ್ನು ಕಲ್ಲಿನ ಗೆರೆ ಎಂದೇ ನಂಬಿದ್ದೆವು. 2019ರಲ್ಲಿ, ನಾವು ಆ ಕಿಟಕಿಯ ಮುಂದೆ ನಿಂತ ವರ್ಷವೇ, 103ನೇ ತಿದ್ದುಪಡಿ ಬಂದು ಮೇಲ್ಜಾತಿಯ ಬಡವರಿಗೆ ಶೇ. 10 ಸಿಕ್ಕಿತು. 2022ರ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ. ಕಲ್ಲಿನ ಗೆರೆ ಅಳಿಸಿತು. ಬಡವರಿಗೆ ಸಿಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಕೇರಿಯ ಬಡವ ಆ ಬಡವರ ಲೆಕ್ಕದಲ್ಲಿಲ್ಲ. ಆಗ ಮೆರಿಟ್ ಸತ್ತಿತೆಂದು ಅಳುವ ದನಿ ನಮ್ಮ ಕಿವಿಗಂತೂ ಬೀಳಲಿಲ್ಲ.

ಇನ್ನು ದುಡ್ಡಿನ ಕೋಟಾ. ಕ್ಯಾಪಿಟೇಷನ್ ಕಾಲೇಜುಗಳಿಗೆ ಕರ್ನಾಟಕ ದೇಶಕ್ಕೇ ಹೆಸರಾದ ನಾಡು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000ದವರೆಗೆ ಎಂದಿದ್ದ ಕಾಲದಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕೋರ್ಟಿಗೆ ಹೋಗಿದ್ದರಿಂದ 1992ರಲ್ಲಿ ಆ ದಂಧೆ ದೇಶದ ಕಣ್ಣಿಗೆ ಬಿತ್ತು. 2005ರ ಇನಾಂದಾರ್ ತೀರ್ಪು ಖಾಸಗಿ ಕಾಲೇಜುಗಳಲ್ಲಿ ಶೇ. 15ರವರೆಗೆ ಅನಿವಾಸಿ ಭಾರತೀಯರ ಸೀಟಿಗೆ ಒಪ್ಪಿಗೆ ಕೊಟ್ಟಿತು. ಆ ಕೋಟಾದಲ್ಲಿ ಬಂದ ಡಾಕ್ಟರನ್ನು ಯಾರಾದರೂ ‘ನಿನ್ನ ಅಂಕ ಎಷ್ಟು’ ಎಂದು ಕೇಳಿದ್ದಾರೆಯೇ? ಅವನ ಕೈಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಲು ಯಾರಾದರೂ ಹೆದರಿದ್ದಾರೆಯೇ? ಹೆದರುವುದು ನಮ್ಮ ಹುಡುಗಿ ಬಿಳಿ ಕೋಟು ಹಾಕಿಕೊಂಡಾಗ ಮಾತ್ರ.

ಮೆರಿಟ್ ಎಂದರೆ ಪರೀಕ್ಷೆಯ ಮೂರು ಗಂಟೆ. ಆ ಮೂರು ಗಂಟೆಗೆ ಬಂದು ಕೂರುವ ಮೊದಲು ಯಾರು ಎಲ್ಲಿದ್ದರು ಎಂಬುದನ್ನು ಅಂಕಪಟ್ಟಿ ಬರೆಯುವುದಿಲ್ಲ. ಕೊನೆಯ ವರ್ಷದ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮೂರ ಹಬ್ಬ. ಅವರಪ್ಪನಿಗೆ ಜ್ವರ. ಬೆಳತನಕ ತಮಟೆ ಬಡಿದವನು ನಮ್ಮ ಗೆಳೆಯ. ಊದಿದ ಬೆರಳಲ್ಲೇ ಬೆಳಗ್ಗೆ ಪೆನ್ನು ಹಿಡಿದ. ಅದೇ ರಾತ್ರಿ ನಾವು ಮನೆಯೊಳಗೆ ಕೂತು ಓದುತ್ತಿದ್ದೆವು. ತಮಟೆಯ ಸದ್ದಿಗೆ ಬೇಸರಪಟ್ಟು ಕಿಟಕಿ ಹಾಕಿಕೊಂಡೆವು. ಅವನಿಗಿಂತ ನಮಗೆ ಹೆಚ್ಚು ಬಂದ ಅಂಕಗಳಲ್ಲಿ ಆ ಕಿಟಕಿಯ ಅಂಕ ಎಷ್ಟು? ಊರಿನವರಿಗೆ ಕೇಳುವ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳದಿದ್ದರೆ ನಮ್ಮ ಬಂಡಾಯ ಯಾತರದ್ದು?

ಒಳಮೀಸಲಾತಿಯ ವಿಚಾರಕ್ಕೆ 2005ರಲ್ಲಿ ಸದಾಶಿವ ಆಯೋಗ ನೇಮಕವಾಯಿತು. 2012ರಲ್ಲಿ ವರದಿ ಬಂತು. ಬಂದ ವರದಿ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿತು. ಎಡಗೈಯವರು ತಮಟೆ ಹೊತ್ತು ಬೀದಿಗೆ ಬಂದರು. ಆಗ ನಮ್ಮ ಕೇರಿಯ ಜಗಲಿಯ ಮೇಲೆ ಕೇಳಿದ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. “ಅವ್ರೂ ಓದ್ಲಿ, ಯಾರ್ ಬ್ಯಾಡ ಅಂದೋರು? ನಮ್ ಹುಡ್ಗರು ಕಷ್ಟಪಟ್ಟು ಓದವ್ರೆ.” 1951ರಲ್ಲಿ ಮೇಲಿನವರು ಆಡಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ತುಳಿಸಿಕೊಂಡವನು ತುಳಿದವನ ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಹಂಚಿಕೆಗೆ ದಾರಿ ತೆರೆಯಿತು. 2022ರಲ್ಲಿ 15ರಿಂದ 17ಕ್ಕೆ ಏರಿಸಿದ್ದ ಪರಿಶಿಷ್ಟ ಜಾತಿಯ ಪಾಲನ್ನು 6, 6, 5 ಎಂದು ಹಂಚಲು ರಾಜ್ಯ ಸರ್ಕಾರ 2025ರ ಆಗಸ್ಟಿನಲ್ಲಿ ತೀರ್ಮಾನಿಸಿತು. ತೀರ್ಮಾನವಾದದ್ದೇ ತಡ, ಅಲೆಮಾರಿಗಳು ‘ನಮ್ಮ ಪಾಲೆಲ್ಲಿ’ ಎಂದು ಬೀದಿಗಿಳಿದರು. ನೋಡಿ, ಪ್ರತಿ ಪಟ್ಟಿಯ ಕೆಳಗೂ ಇನ್ನೊಬ್ಬ ನಿಂತಿರುತ್ತಾನೆ.

ನಾವು ಪದ್ಯ ಬರೆಯುವವರು. ಅವಮಾನದ ಮೇಲೆ ಬಹಳ ಬರೆದಿದ್ದೇವೆ. ಆ ಕಿಟಕಿಯ ಬಗ್ಗೆ, ಹಿಂದಿನಿಂದ ಬಂದ ನಗುವಿನ ಬಗ್ಗೆ ಬರೆದು ಚಪ್ಪಾಳೆಯನ್ನೂ ಗಿಟ್ಟಿಸಿದ್ದೇವೆ. ಆದರೆ ಆ ಸಹಿಯ ಬಗ್ಗೆ ಬರೆದಿರಲಿಲ್ಲ. ‘ನಾವು’ ಎಂಬ ಮಾತಿನ ಹಿಂದೆ ಅದನ್ನು ಬಚ್ಚಿಡಬಾರದು. ಪೆನ್ನು ಅವರದು, ಭಯ ಈ ವ್ಯವಸ್ಥೆಯದು, ಕೈ ಮಾತ್ರ ನಮ್ಮದೇ.

ಹೋದ ಬೇಸಿಗೆಯಲ್ಲಿ ಗೆಳೆಯ ಊರಿಗೆ ಬಂದಿದ್ದ. ಎಲ್ಲವನ್ನೂ ಹೇಳಿದೆವು. ಅವನು ತುಂಬ ಹೊತ್ತು ಸುಮ್ಮನಿದ್ದ. “ಗೊತ್ತಿತ್ತು ಕಣ್ಲಾ,” ಅಂದ. “ಆವತ್ತೇ ಎಣಿಸ್ದೆ. ಏಳಿದ್ದೋರು ಆರಾದ್ರಲ್ಲ.” ಎಣಿಸಿದ್ದವನು ಅವನು, ಎಂ.ಎ. ಓದಿದವರು ನಾವು! ಅವ್ವ ಒಳಗಿನಿಂದ ನೀರು ತಂದಳು. ಎರಡೂ ಒಂದೇ ಥರದ ಲೋಟ. ಯಾವುದು ಯಾರದೆಂದು ಅವಳೂ ನೋಡಲಿಲ್ಲ, ನಾವೂ ಹೇಳಲಿಲ್ಲ. ಹೊರಡುವಾಗ ಅವನು ತಂಗಿಯ ಅಂಕಪಟ್ಟಿ ಕೈಗಿಟ್ಟ. “ಅರ್ಜಿ ತುಂಬ್ಕೊಡು. ಕಿಟಕಿ ತಾವ್ಕೆ ನೀನೂ ಬತ್ತೀಯ,” ಅಂದ. ಕೇಳಿದ್ದಲ್ಲ, ಹೇಳಿದ್ದು.

ಈಗ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಎರಡೂ ಕೇರಿಯ ಮಕ್ಕಳು ಕೂರುತ್ತಾರೆ. ಪದ್ಯ ಹೇಳಿಕೊಡುವುದಿಲ್ಲ. ಅರ್ಜಿ ಓದುವುದನ್ನು ಹೇಳಿಕೊಡುತ್ತೇವೆ. ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್ ಎಲ್ಲಿರುತ್ತದೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸರ್ಟಿಫಿಕೇಟು ಯಾರಿಗೆ ಸಿಗುತ್ತದೆ, ಜಿ.ಎಂ. ಎಂದರೆ ಏನು, ಏನಲ್ಲ. ಬರೆದುಕೊಡು ಎಂದಾಗ ‘ಯಾವ ರೂಲ್ ಸಾರ್, ತೋರಿಸಿ’ ಎಂದು ಕೇಳುವುದನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತೇವೆ. ಮೊದಲು ನಾಚುತ್ತಾರೆ. ಮೂರನೆಯ ಸಲಕ್ಕೆ ಭವನದ ಹೆಂಚು ಹಾರುವ ಹಾಗೆ ಕೂಗುತ್ತಾರೆ.

ಹಳ್ಳಿಯ ಮೇಷ್ಟ್ರುಗಳೇ, ಈ ಒಂದು ಪಾಠ ನಿಮ್ಮ ಪುಸ್ತಕದಲ್ಲಿಲ್ಲ. ಆದರೂ ಮಾಡಿ. ಕಾಲೇಜಿಗೆ ಹೋಗುವ ತಮ್ಮಂದಿರೇ, ತಂಗಿಯರೇ, ಗೋಡೆಯ ಮೇಲೆ ಪಟ್ಟಿ ಬಂದಾಗ ನಿಮ್ಮ ಹೆಸರು ಹುಡುಕಿದ ಮೇಲೆ ಹೊರಟುಬಿಡಬೇಡಿ. ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿ. ನಮ್ಮವರು ಎಷ್ಟು ಜನ ಎಂದು ಎಣಿಸಿ. ಮಧ್ಯಾಹ್ನ ಮತ್ತೆ ಬಂದು ಎಣಿಸಿ.