ಸೀಮೆಎಣ್ಣೆ ತೋರಿಸಿದ ಗೆರೆ

ಸೇಡಂ ಬಸ್ ನಿಲ್ದಾಣದ ಹತ್ತಿರದ ಸೈಕಲ್ ಅಂಗಡಿಗೆ ಆ ದಿನ ಬೆಳಿಗ್ಗೆ ತಂದೆ ಮಗ ಇಬ್ಬರೂ ಬಂದಿದ್ದರು. ಮಗ ಕೋಡ್ಲಾದಿಂದ ದಿನವೂ ಸೇಡಂಗೆ ಬಂದು ಪಿ.ಯು. ಓದುವ ಹುಡುಗ. ತಂದೆ ಕಲ್ಲಿನ ಗಣಿಯಲ್ಲಿ ಶಹಾಬಾದ್ ಕಲ್ಲು ಎಬ್ಬಿಸುವ ಕೆಲಸಗಾರ. ಅವರು ತಂದಿದ್ದ ಸೈಕಲ್ಲನ್ನು ನೋಡಲು ಅಂಗಡಿಯ ಮುಂದೆ ನಾಲ್ಕಾರು ಜನ ನೆರೆದರು. ಅದರ ಹ್ಯಾಂಡಲ್ ಗೂಳಿಯ ಕೊಂಬಿನಂತೆ ಮುಂದಕ್ಕೆ ಚಾಚಿತ್ತು. ಚಕ್ರಗಳು ಚಿಕ್ಕವು, ಟೈರು ಹೆಬ್ಬೆರಳಿನಷ್ಟು ಸಣ್ಣ.

ಅದು ಟೈಮ್ ಟ್ರಯಲ್ ಸೈಕಲ್. ಈ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬರ ಹಿಂದೆ ಒಬ್ಬರು ನಿಗದಿತ ಅಂತರದಲ್ಲಿ ಹೊರಟು, ಗಡಿಯಾರದೊಂದಿಗೆ ಸೆಣಸಬೇಕು. ವೇಗ ಹೆಚ್ಚಿದಷ್ಟೂ ಸವಾರನ ದೊಡ್ಡ ಶತ್ರು ಗಾಳಿ. ಆದ್ದರಿಂದ ಮೈ ಬಗ್ಗಿಸಿ, ಮೊಣಕೈಗಳನ್ನು ಒಟ್ಟಿಗೆ ತಂದು ಗಾಳಿ ಸೀಳಲು ಅನುವಾಗುವಂತೆ ಈ ಸೈಕಲ್ ರೂಪಿಸಿರುತ್ತಾರೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಅಂದಿನ 24.5 ಕಿಲೋಮೀಟರಿನ ಟೈಮ್ ಟ್ರಯಲ್‌ನಲ್ಲಿ ಮುಂದಕ್ಕೆ ಚಾಚಿದ ಇಂಥದೇ ಹ್ಯಾಂಡಲ್ ಹಿಡಿದು ಓಡಿಸಿ, ಮೂರು ವಾರಗಳ ಸ್ಪರ್ಧೆಯನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದ.

ಹುಡುಗನ ಸೈಕಲ್ ಆ ಕಾಲಕ್ಕೆ ಹತ್ತಿರದ್ದು. ಸೈಕಲ್ ಪಟುಗಳ ನಾಡೆಂದು ಹೆಸರಾದ ವಿಜಯಪುರದಲ್ಲಿ ಮೂರು ಕೈ ದಾಟಿ ಇವನಿಗೆ ಬಂದಿತ್ತು. ಅದಕ್ಕಾಗಿ ತಂದೆ ಎರಡು ವರ್ಷದ ತೊಗರಿ ಹಣದಲ್ಲಿ ಉಳಿಸಿದ್ದನ್ನು ಕೊಟ್ಟಿದ್ದರು. ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯ ಒಂದು ಗುಂಡಿಯಲ್ಲಿ ಮುಂದಿನ ಚಕ್ರ ಧಡ್ಡನೆ ಇಳಿದಿತ್ತು. ಅಂದಿನಿಂದ ಬ್ರೇಕು ಹಿಡಿದಾಗ ಕಿರ್ ಎಂಬ ಸದ್ದು. ಚಕ್ರ ಹಿಡಿಯುವ ಫೋರ್ಕ್‌ನ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿತ್ತು. ಆಯ್ಕೆ ಸ್ಪರ್ಧೆಗೆ ಉಳಿದಿದ್ದು ಹನ್ನೊಂದು ದಿನ.

"ಒಂದ್ ಪಂದ್ಯಕ್ಕಷ್ಟೇ ಬೇಕಾಗ್ಯದ ಮಿಸ್ತ್ರಿ. ಬೆಸುಗಿ ಹಾಕಿ ಕೊಟ್ಬಿಡ್ರಿ," ಎಂದರು ತಂದೆ.

ಅರವತ್ತು ದಾಟಿದ ಮಿಸ್ತ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಫೋರ್ಕ್ ಬಿಚ್ಚಿ, ಬಿರುಕಿನ ಜಾಗಕ್ಕೆ ಸೀಮೆಎಣ್ಣೆ ಸವರಿ ಪಕ್ಕಕ್ಕಿಟ್ಟರು. ಚಹಾ ಕುಡಿದು ಮುಗಿದ ಮೇಲೆ ಬಟ್ಟೆಯಿಂದ ಒಣಗುವಂತೆ ಒರೆಸಿ, ಹುಡುಗನ ಕೈಯಲ್ಲಿ ಸೀಮೆಸುಣ್ಣದ ಪುಡಿ ಹಚ್ಚಿಸಿದರು. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯೊಂದು ಮೂಡಿತು. ಕಣ್ಣಿಗೆ ಕಂಡಿದ್ದ ಬಿರುಕು ಉಗುರಿನಷ್ಟು. ಈ ಗೆರೆ ಕಾಲಿನ ಅರ್ಧ ಸುತ್ತು ಬಳಸಿತ್ತು. ಬಿರುಕಿನೊಳಗೆ ಇಳಿದ ಎಣ್ಣೆಯನ್ನು ಪುಡಿ ಹೊರಕ್ಕೆ ಹೀರಿತ್ತು. ದೀಪದ ಬತ್ತಿ ಎಣ್ಣೆ ಏರಿಸುವುದೂ ಇದೇ ಲೋಮನಾಳ ಕ್ರಿಯೆಯಿಂದ. ರೈಲ್ವೆ ಕಾರ್ಖಾನೆಗಳಲ್ಲಿ ಗಾಲಿಯ ಅಚ್ಚುಗಳ ಬಿರುಕನ್ನು ಹಿಂದೆ ಹೀಗೆಯೇ ಎಣ್ಣೆ, ಸುಣ್ಣದ ಪುಡಿಗಳಿಂದ ಹುಡುಕುತ್ತಿದ್ದರು.

"ಬೆಸುಗಿ ಹಾಕಲಿಕ್ಕ ಬರ್ತದ್ರಿ. ಆದ್ರ ಅದರ ಮ್ಯಾಲ ನಿಮ್ಮ ಮಗನ್ನ ಕೂಡಸಲಿಕ್ಕ ನನ್ನ ಮನಸ್ಸು ಬರಂಗಿಲ್ಲ," ಎಂದರು ಮಿಸ್ತ್ರಿ.

ತಂದೆ ಆ ಗೆರೆಯನ್ನೇ ನೋಡುತ್ತ ನಿಂತರು. ಕಲ್ಲಿನ ಮೈಮೇಲೆ ಇಂಥ ಗೆರೆ ಕಂಡರೆ ಅದು ಎಲ್ಲಿ ಒಡೆಯುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಬ್ಯಾಡ ತಮ್ಮಾ, ಪಂದ್ಯ ಹೋದ್ರ ಹೋಗ್ಲಿ," ಎಂದರು. ಹುಡುಗ ಮುಖ ತಿರುಗಿಸಿಕೊಂಡ.

ಮಿಸ್ತ್ರಿಯ ಮಾತಿನಲ್ಲಿ ವಿಜ್ಞಾನವಿತ್ತು. ಆ ಫೋರ್ಕ್ ಅಲ್ಯೂಮಿನಿಯಂನದು. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆ ಹೊರೆ ಎಷ್ಟು ಸಲ ಬಿದ್ದರೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಸಣ್ಣ ಕುಲುಕಾಟಗಳೂ ಲೆಕ್ಕಕ್ಕೆ ಸೇರುತ್ತ ಹೋಗುತ್ತವೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ಸೈಕಲ್ಲಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಶಾಖ ಕೊಟ್ಟು ಹದ ಬರಿಸಿರುತ್ತಾರೆ. ಬೆಸುಗೆಯ ಬಿಸಿಗೆ ಸುತ್ತಲಿನ ಹದ ಕೆಟ್ಟು ಲೋಹ ಮೆತ್ತಗಾಗುತ್ತದೆ. ಹಿಂದಿನ ಚಕ್ರದ ಕಡೆ ಏನಾದರೂ ಮುರಿದರೆ ಸೈಕಲ್ ನಿಂತೀತು. ಫೋರ್ಕ್ ಮುರಿದರೆ ಸವಾರನ ಮುಖವೇ ನೆಲಕ್ಕೆ.

ಹಾಗಾದರೆ ಬೇರೆ ಫೋರ್ಕ್ ಬೇಕು. ಊರಿನ ಸಾಧಾರಣ ಸೈಕಲ್ಲಿನದು ಅಂಗಡಿಯಲ್ಲೇ ಇತ್ತು. ಅದರ ಕೊಳವೆಯೂ ಒಂದು ಇಂಚಿನದೇ. "ಚಾಚಾ, ಇದನ್ನೇ ಹಾಕ್ರಿ," ಎಂದ ಹುಡುಗ. ಮಿಸ್ತ್ರಿ ಅವನ ಕೈಗೆ ಟೇಪು ಕೊಟ್ಟು, "ಮೊದಲ ಅಳೀ," ಎಂದರು.

ಹುಡುಗ ನೋಟ್‌ಬುಕ್ಕಿನಲ್ಲಿ ಬರೆದ. ಫೋರ್ಕ್‌ನ ಕೊಳವೆಯ ಹೊರ ವ್ಯಾಸ 25.4 ಮಿಲಿಮೀಟರ್. ಮುಂದಿನ ಹಬ್ ಕೂರುವ ಅಗಲ 100. ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 571. ಈ ಅಳತೆಯ ಚಕ್ರವನ್ನು 650ಸಿ ಎನ್ನುತ್ತಾರೆ. ಈಗಿನ ರೇಸ್ ಸೈಕಲ್‌ಗಳ 700ಸಿ ಚಕ್ರದ್ದು 622, ಊರಿನ 28 ಇಂಚಿನ ಚಕ್ರದ್ದು 635.

ತೊಡಕು ಅಲ್ಲೇ ಇತ್ತು. 622ರಲ್ಲಿ 571 ಕಳೆದು ಅರ್ಧ ಮಾಡಿದರೆ 25.5. ಅಂದರೆ 700ಸಿ ಫೋರ್ಕ್‌ಗೆ ಇವನ ಚಿಕ್ಕ ಚಕ್ರ ಹಾಕಿದರೆ ಬ್ರೇಕಿನ ರಬ್ಬರು ರಿಮ್ಮಿಗಿಂತ ಎರಡೂವರೆ ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ಚಕ್ರವನ್ನೂ ದೊಡ್ಡದು ಹಾಕಿದರೆ, ಉದ್ದದ ಫೋರ್ಕ್, ದೊಡ್ಡ ಚಕ್ರ ಎರಡೂ ಸೇರಿ ಸೈಕಲ್ಲಿನ ಮುಂಭಾಗ ಸುಮಾರು 50 ಮಿಲಿಮೀಟರ್ ಮೇಲೇಳುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಸುಮಾರು ಒಂದು ಮೀಟರ್. ಒಂದು ಡಿಗ್ರಿಯ ಸೈನ್ 0.0175 ಎಂಬುದನ್ನು ನೆನೆದರೆ, ಮುಂಭಾಗ 17.5 ಮಿಲಿಮೀಟರ್ ಎದ್ದಾಗ ಸೈಕಲ್ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. 50ಕ್ಕೆ ಸುಮಾರು ಮೂರು ಡಿಗ್ರಿ. ಅಷ್ಟಕ್ಕೇ ಹ್ಯಾಂಡಲ್ ತಿರುಗುವ ಗುಣ ಬದಲಾಗುತ್ತದೆ, ಸವಾರನ ಮೈ ಗಾಳಿಗೆ ಎದೆಯೊಡ್ಡುತ್ತದೆ. ಊರಿನ ಸೈಕಲ್ಲಿನ ಫೋರ್ಕ್ ಇನ್ನೂ ಉದ್ದ. ಪಠ್ಯಪುಸ್ತಕದ ತ್ರಿಕೋನಮಿತಿ ಹೀಗೆ ಅಂಗಡಿಯ ಕಟ್ಟೆಯ ಮೇಲೆ ಬಂದು ಕುಳಿತಿತು.

ಬೆಂಗಳೂರಿನ ಅಂಗಡಿಗಳಿಗೆ ಫೋನ್ ಮಾಡಿದಾಗ ಕೇಳಿದ್ದು ಒಂದೇ ಉತ್ತರ: ಈಗ ಬರುವುದೆಲ್ಲ 700ಸಿ. ಆಯ್ಕೆ ಸ್ಪರ್ಧೆಯ ದಿನ ಬಂತು, ಹೋಯಿತು. ಹುಡುಗ ಅಂದು ಮನೆಯಲ್ಲೇ ಇದ್ದ; ಊಟಕ್ಕೆ ಕರೆದರೂ ಏಳಲಿಲ್ಲ. ತಂದೆ ಗದರಲಿಲ್ಲ. ಮರುವಾರ ಅವರೇ, "ನಡಿ, ವಿಜಾಪುರಕ್ಕ ಹೋಗಿ ನೋಡೋಣು," ಎಂದು ಕೂಲಿ ಬಿಟ್ಟು ಮಗನ ಜೊತೆ ಬಸ್ಸು ಹತ್ತಿದರು.

ಅಲ್ಲಿ ಹಳೆಯ ಸವಾರನೊಬ್ಬನ ಮನೆಯ ಹಿಂದೆ ಮೂರು ಫೋರ್ಕ್ ಸಿಕ್ಕವು. ಮೊದಲನೆಯದರ ಕೊಳವೆ 28.6 ಮಿಲಿಮೀಟರ್, ಈಚಿನ ಅಳತೆ, ಇವನ ಫ್ರೇಮಿನೊಳಗೆ ಹೋಗದು. ಎರಡನೆಯದರ ದಪ್ಪ ಸರಿ, ಆದರೆ ಗಿಡ್ಡ ಫ್ರೇಮಿಗಾಗಿ ಕೊಳವೆಯನ್ನು ಕತ್ತರಿಸಿದ್ದರು. ಮೂರನೆಯದು ಉಕ್ಕಿನದು, ತುಕ್ಕು ಹಿಡಿದಿತ್ತು, ಹಳೆಯದಕ್ಕಿಂತ ಭಾರ. ಹುಡುಗ ನೋಟ್‌ಬುಕ್ ತೆರೆದು ಒಂದೊಂದೇ ಅಂಕಿ ಸರಿನೋಡಿದ. ಎಲ್ಲವೂ ಹೊಂದಿದವು.

ಸೇಡಂನಲ್ಲಿ ಅದನ್ನು ಉಜ್ಜಿ ಕೂರಿಸಿದ ಮೇಲೆ, ಮಿಸ್ತ್ರಿ ಹಳೆಯ ಫೋರ್ಕನ್ನು ಬಿಗಿಯಲ್ಲಿ ಹಿಡಿಸಿ ಒಮ್ಮೆ ಬಲವಾಗಿ ಜಗ್ಗಿದರು. ಕಟ್ಟಿಗೆಯಂತೆ ಮುರಿಯಿತು. ಮುರಿದ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ ಮಾಸಿತ್ತು. ಅದು ಎಂದೋ ಬಿರಿದದ್ದು. ಹೊಸದಾಗಿ ಮುರಿದ ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಹುಡುಗ ಆ ಹೊಳೆಯುವ ಜಾಗದ ಮೇಲೆ ಬೆರಳಿಟ್ಟು ನೋಡಿದ. ಇಷ್ಟು ದಿನ ಅವನನ್ನು ಹೊತ್ತಿದ್ದು ಅಷ್ಟೇ.

ಮಕ್ಕಳ ಆಸೆಗೆ ಹಣ ಹೊಂದಿಸುವ ತಂದೆ ತಾಯಿ ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಆಸೆಯ ದಿನ ಎದುರಿಗಿರುವಾಗ ಬೇಡ ಎನ್ನುವುದು ಹಣ ಹೊಂದಿಸುವುದಕ್ಕಿಂತ ಕಷ್ಟ. ಈಗ ನಸುಕಿನಲ್ಲಿ, ಲಾರಿಗಳು ಹೊರಡುವ ಮುನ್ನ, ಕೋಡ್ಲಾದ ರಸ್ತೆಯಲ್ಲಿ ಆ ಸೈಕಲ್ ಓಡುತ್ತದೆ. ಮುರಿದ ಫೋರ್ಕ್ ಮನೆಯ ಗೂಡಿನಲ್ಲಿದೆ. ತಿಂಗಳಿಗೊಮ್ಮೆ ಹುಡುಗ ಸೀಮೆಸುಣ್ಣ ಪುಡಿ ಮಾಡಲು ಕುಳಿತರೆ, ಎಣ್ಣೆಯ ಬಾಟಲಿ ತಂದಿಡುವವರು ತಂದೆ.